ಐದು ಸೆಕೆಂಡೂ ಬೇಡ!

ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ, ಅದೇ ಕೆಪ್ಪ ಜೋಗದಲ್ಲಿ, ಅಘನಾಶಿನಿ 116 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ನೆತ್ತಿಯಿಂದ ಒಂದು ಕಲ್ಲು ಜಾರಿತೆನ್ನಿ (ಜಾರಿಸಲು ಹೋಗಬೇಡಿ, ಲೆಕ್ಕ ಸಾಕು). ಗಾಳಿಯ ತಡೆ ಬದಿಗಿಟ್ಟರೆ 4.9 ಸೆಕೆಂಡಿಗೆ ಅದು ತಳದಲ್ಲಿ! ಆಗ ಅದರ ವೇಗ ಗಂಟೆಗೆ 170 ಕಿಲೋಮೀಟರ್!

ನೀರಿನದು ಬೇರೆಯೇ ಕಥೆ. ದೂರದಲ್ಲಿ ನಿಂತು ಒಂದೇ ಒಂದು ಬಿಳಿ ಗೊಂಚಲನ್ನು ಕಣ್ಣಲ್ಲಿ ಹಿಡಿದು ಕೆಳಗಿನವರೆಗೆ ಹಿಂಬಾಲಿಸಿ. ಅದಕ್ಕೆ ಅವಸರವೇ ಇಲ್ಲ! ಬಂಡೆಗೆ ತಾಕಿ ನೀರು ಒಡೆಯುತ್ತದೆ, ಒಡೆದ ಹನಿಯನ್ನು ಗಾಳಿ ತಡೆಯುತ್ತದೆ. ಹನಿ ಎಷ್ಟೇ ದೊಡ್ಡದಿರಲಿ, ನಿಂತ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 9 ಮೀಟರ್ ದಾಟದು. ಒಂಟಿ ಹನಿ ಈ ಎತ್ತರ ಇಳಿಯಲು ಹದಿಮೂರು ಸೆಕೆಂಡು ಬೇಕು. ಮಳೆಗಾಲದ ರಾಶಿ ನೀರು ಕಲ್ಲಿಗೂ ಹನಿಗೂ ನಡುವೆ ಎಲ್ಲೋ. ಯಲ್ಲಾಪುರದ ಮಾಗೋಡಿನಲ್ಲಿ ಬೇಡ್ತಿ ಸುಮಾರು 200 ಮೀಟರ್ ಇಳಿದರೂ ಎರಡು ಹಂತ. ನಡುವೆ ಬಂಡೆ ಸಿಕ್ಕಿ ಲೆಕ್ಕ ಹೊಸದಾಗಿ ಶುರು.

ಇಂಥ ವೇಗ ಅಳೆಯುವ ಗಡಿಯಾರ ಗೆಲಿಲಿಯೊ ಬಳಿ ಇರಲಿಲ್ಲ. ಆತ ಬೀಳುವಿಕೆಯನ್ನೇ ನಿಧಾನ ಮಾಡಿದ: ಇಳಿಜಾರಿನಲ್ಲಿ ಗುಂಡು ಉರುಳಿಸಿದ, ಹರಿದ ನೀರನ್ನು ತೂಗಿ ಹೊತ್ತು ಅಳೆದ. ಶಿರಸಿ ಸೀಮೆಯ ತೋಟದಲ್ಲಿ ಅಡಿಕೆ ಕೊಯ್ಯುವ ಕೊನೆಗೌಡ ಮಾಡುವುದೂ ಇದನ್ನೇ ಅಲ್ಲವೆ! 15 ಮೀಟರ್ ಮರದಿಂದ ಅಡಿಕೆ ಕೊನೆಯನ್ನು ನೇರ ಕೆಡವಿದರೆ ಎರಡು ಸೆಕೆಂಡಿನೊಳಗೆ ನೆಲ, ವೇಗ ಗಂಟೆಗೆ 60 ಕಿಲೋಮೀಟರ್, ಕಾಯಿ ಚೆಲ್ಲಾಪಿಲ್ಲಿ. ಓರೆ ಹಗ್ಗದಲ್ಲಿ ಜಾರಬಿಟ್ಟರೆ ಗುರುತ್ವದ ಒಂದು ಪಾಲಷ್ಟೇ ಎಳೆಯುತ್ತದೆ, ಅದರಲ್ಲೂ ಒಂದಷ್ಟನ್ನು ಘರ್ಷಣೆ ನುಂಗುತ್ತದೆ. ಕೊನೆ ಮೆತ್ತಗೆ ಕೆಳಗಿನವನ ಕೈಗೆ!

ಈಗ ನೇರ ಬೀಳುವುದನ್ನೇ ನೋಡಬಹುದು, ಜೇಬಿನಲ್ಲಿ ಮೊಬೈಲ್ ಇದೆಯಲ್ಲ. ಗೋಡೆಗೆ ಟೇಪು ಅಂಟಿಸಿ, ಅಡಿಕೆಯೊಂದನ್ನು ಬಿಟ್ಟು, ಸ್ಲೋ ಮೋಷನ್‌ನಲ್ಲಿ ವಿಡಿಯೊ ಮಾಡಿ. ಮೊದಲ ಕಾಲು ಸೆಕೆಂಡಿಗೆ ಸುಮಾರು 31 ಸೆಂಟಿಮೀಟರ್, ಮುಂದಿನದಕ್ಕೆ 92, ಅದರ ಮುಂದಿನದಕ್ಕೆ 153. ಒಂದು, ಮೂರು, ಐದರ ಪಟ್ಟು! ಯಾರು ಹೇಳಿಕೊಟ್ಟರು ಈ ಅಡಿಕೆಗೆ ಬೆಸಸಂಖ್ಯೆ?

ಇನ್ನೂ ನಿಖರ ಬೇಕೆ? ಒಂದು ಮೀಟರ್ ದಾರಕ್ಕೆ ಅದೇ ಅಡಿಕೆ ಕಟ್ಟಿ ಸಣ್ಣಗೆ ತೂಗಿಬಿಡಿ. ಹೋಗಿ ಬರುವುದು ಒಂದು ಸಲ. ನೂರು ಸಲಕ್ಕೆ 201 ಸೆಕೆಂಡು. ಭೂಮಿಯ ಉಬ್ಬು ಮತ್ತು ತಿರುಗಾಟದಿಂದಾಗಿ ಶಿರಸಿಯಲ್ಲಿ ಗುರುತ್ವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 9.78 ಮೀಟರ್, ಧ್ರುವದಲ್ಲಿ 9.83. ಇದೇ ಅಡಿಕೆ ಅಲ್ಲಿ ಅರ್ಧ ಸೆಕೆಂಡು ಮೊದಲೇ ನೂರು ಮುಗಿಸೀತು! ದಾರದ ಉದ್ದ, ತೂಗಿದ ಹೊತ್ತು ಎರಡರಿಂದ ನೀವು ಕಂಡುಕೊಂಡ ಗುರುತ್ವ 9.78ರ ಹತ್ತಿರ ಬರದಿದ್ದರೆ ದಾರವನ್ನು ಮತ್ತೆ ಅಳೆಯಿರಿ: ಗಂಟಿನವರೆಗಲ್ಲ, ಅಡಿಕೆಯ ನಡುಮಧ್ಯದವರೆಗೆ.