ಸ್ಥಳೀಯ ತೆರಿಗೆಯ ಮಿತಿಗಳು: ದಾವಣಗೆರೆ–ಹರಿಹರ ಪ್ರದೇಶದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಂತಹ ವಸಾಹತುಗಳಲ್ಲಿ ಸಣ್ಣ ಉದ್ಯಮಿಗಳ ಒಂದು ದೂರು ಬಹುಕಾಲದಿಂದ ಕೇಳಿಬರುತ್ತಿದೆ. ರಸ್ತೆ, ಚರಂಡಿ, ದೀಪಗಳ ನಿರ್ವಹಣೆಗೆಂದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೆ ಶುಲ್ಕ ತೆರಬೇಕು. ಅದೇ ಸೌಕರ್ಯಗಳ ಹೆಸರಿನಲ್ಲಿ ಸ್ಥಳೀಯ ಸಂಸ್ಥೆಗೆ ಆಸ್ತಿ ತೆರಿಗೆಯನ್ನೂ ತೆರಬೇಕು. ಈ ದೂರು ಸಾಮಾನ್ಯವಾಗಿ ತೆರಿಗೆಯ ಭಾರದ ಪ್ರಶ್ನೆಯಾಗಿ ಮಂಡಿತವಾಗುತ್ತದೆ. ಆದರೆ ಅದರ ಹಿಂದೆ ಇನ್ನೂ ಮೂಲಭೂತವಾದ ಪ್ರಶ್ನೆಯೊಂದಿದೆ: ನಗರದ ತೆರಿಗೆ ಎಷ್ಟು ಏರಬೇಕೆಂದು ನಿರ್ಧರಿಸುವವರು ಯಾರು? ಆ ನಿರ್ಧಾರವನ್ನು ನಗರವೇ ವಿರೋಧಿಸಬಯಸಿದರೆ ಅದಕ್ಕಿರುವ ದಾರಿ ಯಾವುದು?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಈ ಪ್ರಶ್ನೆ ಮತಪೆಟ್ಟಿಗೆಯ ಮುಂದೆ ನೇರವಾಗಿ ಬರುತ್ತದೆ. 1978ರ ಜೂನ್ 6ರಂದು ಅಲ್ಲಿನ ಮತದಾರರು ಅಂಗೀಕರಿಸಿದ ಹದಿಮೂರನೆಯ ಪ್ರಸ್ತಾವವು ಆಸ್ತಿ ತೆರಿಗೆಯನ್ನು ನಿರ್ಧರಿತ ಮೌಲ್ಯದ ಶೇ. 1ಕ್ಕೆ ಸೀಮಿತಗೊಳಿಸಿತು, ಆ ಮೌಲ್ಯವು ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರದಂತೆ ತಡೆಯಿತು. 2024ರ ಚುನಾವಣೆಗೆಂದು ಸಿದ್ಧವಾಗಿದ್ದ ಮತ್ತೊಂದು ಪ್ರಸ್ತಾವವು ಸ್ಥಳೀಯ ತೆರಿಗೆಗಳ ಮೇಲಿನ ಕಟ್ಟುಗಳನ್ನು ಇನ್ನಷ್ಟು ಬಿಗಿಗೊಳಿಸುವಂಥದ್ದು. ಅದರ ವಿರುದ್ಧ ಅಲ್ಲಿನ ಅನೇಕ ನಗರಸಭೆಗಳು ಅಧಿಕೃತವಾಗಿಯೇ ನಿರ್ಣಯ ಕೈಗೊಂಡವು. ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2024ರ ಜೂನ್‌ನಲ್ಲಿ ಅದನ್ನು ಮತಪತ್ರದಿಂದಲೇ ತೆಗೆದುಹಾಕಿತು.

ನಮ್ಮಲ್ಲಿ ಅಂತಹ ಜನಮತದ ಪದ್ಧತಿ ಇಲ್ಲ. ಸಂವಿಧಾನದ 265ನೆಯ ಅನುಚ್ಛೇದದಂತೆ ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ. 1993ರ ಜೂನ್ 1ರಂದು ಜಾರಿಗೆ ಬಂದ 74ನೆಯ ತಿದ್ದುಪಡಿಯು ನಗರ ಸಂಸ್ಥೆಗಳಿಗೆ ಸಂವಿಧಾನದ ಸ್ಥಾನ ನೀಡಿತಾದರೂ ಅವುಗಳ ತೆರಿಗೆಯ ವಿಷಯದಲ್ಲಿ ರಾಜ್ಯ ವಿಧಾನಮಂಡಲವು ಅಧಿಕಾರ ನೀಡಬಹುದು ಎಂದಷ್ಟೇ ಹೇಳಿತು. ಈ 'ಬಹುದು' ಎಂಬ ಪದದಲ್ಲಿಯೇ ನಮ್ಮ ಪೌರಾಡಳಿತದ ಹಣಕಾಸಿನ ಇತಿಹಾಸ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

ದಾವಣಗೆರೆಯಂತಹ ವ್ಯಾಪಾರಿ ಪಟ್ಟಣಕ್ಕೆ ಇದರ ಮೊದಲ ದೊಡ್ಡ ಅನುಭವವಾದದ್ದು 1979ರ ಏಪ್ರಿಲ್ 1ರಂದು, ರಾಜ್ಯದಲ್ಲಿ ಆಕ್ಟ್ರಾಯ್ ರದ್ದಾದಾಗ. ಹತ್ತಿಯ ಮಂಡಿಗಳು, ಬಟ್ಟೆ ಗಿರಣಿಗಳು ಹಾಗೂ ಸಗಟು ಪೇಟೆಗಳಿಂದ ಬೆಳೆದ ಈ ಊರಿನಲ್ಲಿ ಸರಕು ಬಂದಷ್ಟೂ ನಾಕಾದಲ್ಲಿ ಹುಟ್ಟುವಳಿ ಸೇರುತ್ತಿತ್ತು. ವ್ಯಾಪಾರದ ಏರಿಳಿತದೊಡನೆ ತಾನೂ ಏರಿಳಿಯುವ ತೆರಿಗೆ ಪುರಸಭೆಗಳ ಕೈಯಲ್ಲಿ ಅದೊಂದೇ ಇತ್ತು. ನಾಕಾಗಳಲ್ಲಿ ಗಾಡಿಗಳು ತಾಸುಗಟ್ಟಲೆ ನಿಲ್ಲುತ್ತಿದ್ದವು, ಲಂಚಕ್ಕೆ ಎಡೆಯಿತ್ತು ಎಂಬುದೂ ನಿಜ. ವರ್ತಕರು ಅದರ ರದ್ದತಿಯನ್ನು ಬಯಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದರ ಸ್ಥಾನದಲ್ಲಿ ಬಂದ ಪ್ರವೇಶ ತೆರಿಗೆಯು ರಾಜ್ಯದ ಬೊಕ್ಕಸಕ್ಕೆ ಸೇರಿತು. ಊರಿಗೆ ದೊರೆತದ್ದು ಪರಿಹಾರಧನ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಾಗ ಆ ಪ್ರವೇಶ ತೆರಿಗೆಯೂ ಅದರಲ್ಲಿ ವಿಲೀನವಾಯಿತು. ವೃತ್ತಿ ತೆರಿಗೆಯ ಕಥೆಯೂ ಇಂಥದೇ. ಕರೂರಿನ ಕಾರ್ಖಾನೆಯ ನೌಕರನ ಸಂಬಳದಿಂದ ಮುರಿದುಕೊಳ್ಳುವ ಆ ಹಣ 1976ರ ಕಾಯಿದೆಯಂತೆ ರಾಜ್ಯಕ್ಕೆ ಸಲ್ಲುತ್ತದೆ. ಅದರ ಗರಿಷ್ಠ ಮಿತಿಯು 1988ರಲ್ಲಿ ಸಂವಿಧಾನ ತಿದ್ದುಪಡಿಯ ಮೂಲಕ ವಾರ್ಷಿಕ 2,500 ರೂಪಾಯಿಗೆ ನಿಂತದ್ದು ಮತ್ತೆ ಕದಲಿಲ್ಲ.

ಹೀಗೆ ಉಳಿದದ್ದು ಆಸ್ತಿ ತೆರಿಗೆ. ಕರ್ನಾಟಕದ ಪೌರಸಂಸ್ಥೆಗಳಲ್ಲಿ 2002ರ ಏಪ್ರಿಲ್ 1ರಿಂದ ಸ್ವಯಂ ಘೋಷಣಾ ಪದ್ಧತಿ ಬಂದಿತು. ವಾರ್ಷಿಕ ಬಾಡಿಗೆಯ ಬದಲು ಆಸ್ತಿಯ ಬಂಡವಾಳ ಮೌಲ್ಯ ತೆರಿಗೆಗೆ ಆಧಾರವಾಯಿತು. ಕಾಯಿದೆಯು 2005–06ರಿಂದ ಮೊದಲುಗೊಂಡು ಮೂರು ವರ್ಷಗಳಿಗೊಮ್ಮೆ ಶೇ. 15ರ ಏರಿಕೆಯನ್ನು ಕಡ್ಡಾಯಗೊಳಿಸಿತು. ಕೌನ್ಸಿಲು ಬಯಸಿದರೆ ಅದನ್ನು ಶೇ. 30ರವರೆಗೆ ಒಯ್ಯಲು ಅವಕಾಶವಿತ್ತು. ಚಕ್ರಬಡ್ಡಿಯ ರೀತಿಯಲ್ಲಿ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು ಶೇ. 4.8ರಿಂದ 9.1ರವರೆಗಿನ ಏರಿಕೆ. 2021ರ ತಿದ್ದುಪಡಿಯ ತರುವಾಯ ತೆರಿಗೆಯು ಚಾಲ್ತಿಯಲ್ಲಿರುವ ಮಾರ್ಗಸೂಚಿ ಬೆಲೆಗೆ ಜೋಡಿಸಲ್ಪಟ್ಟಿತು. ವಾರ್ಷಿಕ ಏರಿಕೆ ಶೇ. 3ರಿಂದ 5ರ ನಡುವೆ ನಿಗದಿಯಾಯಿತು. ಮೂರು ವರ್ಷಕ್ಕೆ ಇದು ಶೇ. 9.3ರಿಂದ 15.8 ಆಗುತ್ತದೆ. ಅಂದರೆ ತೆರಿಗೆಯ ಬುಡವನ್ನು ಒಮ್ಮೆಗೇ ಎತ್ತರಿಸಿದ ಅದೇ ತಿದ್ದುಪಡಿಯು ಕೌನ್ಸಿಲಿನ ವಿವೇಚನೆಯ ಮೇಲ್ಮಿತಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ಸಾರ್ವಜನಿಕ ಚರ್ಚೆಯಲ್ಲಿ ಮೊದಲನೆಯ ಅಂಶಕ್ಕೆ ದೊರೆತ ಗಮನ ಎರಡನೆಯದಕ್ಕೆ ದೊರೆಯಲಿಲ್ಲ.

ಈ ತಿದ್ದುಪಡಿಯ ಪ್ರೇರಣೆಯೂ ಸ್ಥಳೀಯವಾದುದಲ್ಲ. ಕೋವಿಡ್ ಕಾಲದಲ್ಲಿ ರಾಜ್ಯಗಳಿಗೆ ಹೆಚ್ಚುವರಿ ಸಾಲದ ಅನುಮತಿ ನೀಡುವಾಗ ಕೇಂದ್ರವು ಮುಂದಿಟ್ಟ ಷರತ್ತುಗಳಲ್ಲಿ ಆಸ್ತಿ ತೆರಿಗೆಯ ಕನಿಷ್ಠ ದರವನ್ನು ಮಾರ್ಗಸೂಚಿ ಬೆಲೆಗೆ ಹೊಂದಿಸುವುದೂ ಒಂದಾಗಿತ್ತು. 15ನೆಯ ಹಣಕಾಸು ಆಯೋಗವೂ ನಗರಗಳ ಅನುದಾನಕ್ಕೆ ಇಂತಹದೇ ಷರತ್ತು ವಿಧಿಸಿತು. ಕ್ಯಾಲಿಫೋರ್ನಿಯಾದ ಕಟ್ಟು ತೆರಿಗೆ ಏರದಂತೆ ತಡೆಯುವಂಥದ್ದು. ನಮ್ಮದು ಏರಲೇಬೇಕೆನ್ನುವ ಕೆಳಮಿತಿಯನ್ನೂ ಇಷ್ಟಕ್ಕೆ ನಿಲ್ಲಬೇಕೆನ್ನುವ ಮೇಲ್ಮಿತಿಯನ್ನೂ ಒಟ್ಟಿಗೇ ಹಾಕುತ್ತದೆ. 2007ರಲ್ಲಿ ಮಹಾನಗರ ಪಾಲಿಕೆಯಾದ ದಾವಣಗೆರೆಯ 45 ವಾರ್ಡುಗಳ ಸದಸ್ಯರು ಒಕ್ಕೊರಲಿನಿಂದ 'ಈ ವರ್ಷ ಏರಿಕೆ ಬೇಡ' ಎಂದರೂ ಶೇ. 3ರ ಏರಿಕೆ ನಿಲ್ಲದು; ಕಾಯಿದೆಯನ್ನು ಮೀರಿದ ನಿರ್ಣಯವನ್ನು ರದ್ದುಪಡಿಸುವ ಅಧಿಕಾರ ಸರಕಾರಕ್ಕಿದೆ. ಆದರೂ ಹೊಸ ದರದ ಬಗೆಗಿನ ಸಿಟ್ಟನ್ನು ಎದುರಿಸಬೇಕಾದವರು ವಾರ್ಡಿನ ಸದಸ್ಯರೇ. ನಗರವು ತನ್ನ ವಾದವನ್ನು ಶಾಸ್ತ್ರೋಕ್ತವಾಗಿ ಮಂಡಿಸಬಹುದಾದ ವೇದಿಕೆಯೆಂದರೆ ರಾಜ್ಯ ಹಣಕಾಸು ಆಯೋಗ. ಜಿ. ತಿಮ್ಮಯ್ಯನವರ ಅಧ್ಯಕ್ಷತೆಯ ಮೊದಲನೆಯದರಿಂದ ಸಿ. ನಾರಾಯಣಸ್ವಾಮಿಯವರ ಐದನೆಯದರವರೆಗೆ ಆಯೋಗಗಳು ಬಂದಿವೆ. ಆದರೆ ಅವು ಮಾಡುವುದು ಶಿಫಾರಸು ಮಾತ್ರ.

ಇನ್ನು ಗಡಿಯ ಮಾತು. ಹರಿಹರದ ಹೆಸರು ಹೊತ್ತ ಪಾಲಿಫೈಬರ್ಸ್ ಕಾರ್ಖಾನೆ ಇರುವುದು ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ, ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ. ಹೆಸರು ಈ ದಡದ್ದು, ತೆರಿಗೆ ಆ ದಡದ್ದು! ಹರಿಹರದ ಈಚೆ ದಡದಲ್ಲಿದ್ದ ಮೈಸೂರು ಕಿರ್ಲೋಸ್ಕರ್ ಮುಚ್ಚಿಹೋದ ಮೇಲೆ ಈ ವಿಪರ್ಯಾಸ ಇನ್ನೂ ಎದ್ದು ಕಾಣುತ್ತದೆ. ಕೈಗಾರಿಕೆಗಳು ಸ್ಥಳೀಯ ಸಂಸ್ಥೆಯ ವ್ಯಾಪ್ತಿಯಿಂದ ಹೊರಬರಲು ಸಂವಿಧಾನದ 243ಕ್ಯೂ ಅನುಚ್ಛೇದದಲ್ಲಿ ಕೈಗಾರಿಕಾ ಪಟ್ಟಣದ ಅವಕಾಶವೂ ಇದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿ 2013ರಲ್ಲಿ ಹಾಗೆ ಘೋಷಿತವಾಯಿತು. ಕರೂರಿನಂತಹ ಸಣ್ಣ ವಸಾಹತುಗಳಿಗೆ ಆ ದಾರಿ ಸುಲಭಸಾಧ್ಯವಲ್ಲ. ಅಲ್ಲಿನ ಕಾರ್ಮಿಕರು ವಾಸಿಸುವುದು ನಗರದ ಬಡಾವಣೆಗಳಲ್ಲಿ. ಅವರು ಕುಡಿಯುವ ನೀರು, ನಡೆಯುವ ರಸ್ತೆ ಪಾಲಿಕೆಯವೇ.

ದಾವಣಗೆರೆ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳಲ್ಲಿ ಒಂದಾಗಿ ಆಯ್ಕೆಯಾಯಿತು. ರಸ್ತೆ ಕಟ್ಟಲು ಅನುದಾನ ಬಂದಿತು. ಕಟ್ಟಿದ್ದನ್ನು ಕಾಯ್ದುಕೊಳ್ಳುವ ಖರ್ಚು, ಹರಿಹರದ ಬಳಿಯ ರಾಜನಹಳ್ಳಿಯಲ್ಲಿ ತುಂಗಭದ್ರೆಯ ನೀರನ್ನೆತ್ತಿ ನಗರಕ್ಕೆ ತರುವ ವಿದ್ಯುತ್ತಿನ ಬಿಲ್ಲು ಇವು ವರ್ಷವರ್ಷವೂ ಬರುವಂಥವು. ಆ ಬಿಲ್ಲು ಯಾವ ವರ್ಷ ಎಷ್ಟು ಏರಬೇಕೆಂಬುದಕ್ಕೆ ಪೌರಕಾಯಿದೆಯಲ್ಲಿ ಮೇಲ್ಮಿತಿಯಿಲ್ಲ.