ತೀವ್ರ ಹೈಪೋಥರ್ಮಿಯಾ ಮತ್ತು ಹೃದಯ ಸ್ತಂಭನ: ಸಾರ್ವಜನಿಕರ ಮಾಹಿತಿಗಾಗಿ

ಬಿಸಿಲಿಗೆ ಹೆಸರಾದ ಕಲಬುರಗಿ ನಗರ ಹಾಗೂ ಕಮಲಾಪುರ ತಾಲ್ಲೂಕಿನಲ್ಲಿ ಶೀತದಿಂದ ಪ್ರಾಣಾಪಾಯ ಉಂಟಾಗದೆಂಬ ಭಾವನೆ ಸರಿಯಲ್ಲ. ಚಳಿಗಾಲದ ರಾತ್ರಿ ಬಾಳೆ ತೋಟಕ್ಕೆ ನೀರು ಹಾಯಿಸುತ್ತ ತೊಯ್ದವರು, ಬಾವಿಗೆ ಬಿದ್ದವರು, ಬಯಲಿನಲ್ಲಿ ಮಲಗುವ ವೃದ್ಧರು ಹಾಗೂ ಮದ್ಯಪಾನ ಮಾಡಿದವರು ಇದಕ್ಕೆ ಒಳಗಾಗಬಹುದು.

ಶರೀರದ ಸಹಜ ಉಷ್ಣಾಂಶ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35ಕ್ಕಿಂತ ಇಳಿದರೆ ಹೈಪೋಥರ್ಮಿಯಾ. 28ಕ್ಕಿಂತ ಇಳಿದರೆ ತೀವ್ರ ಸ್ವರೂಪದ್ದು. ಆಗ ನಡುಕ ನಿಂತು, ನಾಡಿ ಮಂದವಾಗಿ, ಪ್ರಜ್ಞೆ ತಪ್ಪುತ್ತದೆ. ತಣ್ಣಗಾದ ಹೃದಯದ ವಿದ್ಯುತ್ ಲಯ ಅಸ್ಥಿರವಾಗಿರುವುದರಿಂದ, ರೋಗಿಯನ್ನು ಒರಟಾಗಿ ಎತ್ತಿದರೂ ಹೃದಯ ಸ್ತಂಭಿಸಬಹುದು.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಫೆಬ್ರವರಿ 8ರಂದು ಜೀವಂತವಾಗಿ ಹೊರತೆಗೆಯಲಾಯಿತು. ಶರೀರವನ್ನು ಮರಳಿ ಬೆಚ್ಚಗಾಗಿಸುವ ಹಂತವೂ ಅಪಾಯಕಾರಿಯೆಂದು ದೆಹಲಿಯ ಸೇನಾ ಆಸ್ಪತ್ರೆಯ ವೈದ್ಯರು ಎಚ್ಚರಿಸಿದ್ದರು. ಫೆಬ್ರವರಿ 11ರಂದು ಅವರು ನಿಧನರಾದರು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು: ಕೂಡಲೇ 108ಕ್ಕೆ ಕರೆ ಮಾಡುವುದು. ರೋಗಿಯನ್ನು ಮಲಗಿಸಿಯೇ, ಅಲುಗಾಡಿಸದೆ ಸಾಗಿಸುವುದು. ಒದ್ದೆ ಬಟ್ಟೆಯನ್ನು ಕತ್ತರಿಸಿ ತೆಗೆದು ಒಣ ಕಂಬಳಿ ಹೊದಿಸುವುದು. ಕೈಕಾಲು ಉಜ್ಜುವುದು, ಬಿಸಿನೀರು ಸುರಿಯುವುದು, ಮದ್ಯ ಕುಡಿಸುವುದು ಕೂಡದು. ಉಸಿರು ಹಾಗೂ ನಾಡಿಯನ್ನು ಒಂದು ನಿಮಿಷದವರೆಗೆ ಪರೀಕ್ಷಿಸಿ, ಅವು ಇಲ್ಲದಿದ್ದಲ್ಲಿ ಎದೆಯನ್ನು ಒತ್ತಲು ಆರಂಭಿಸುವುದು.

1999ರಲ್ಲಿ ನಾರ್ವೆಯಲ್ಲಿ ಶರೀರದ ಉಷ್ಣಾಂಶ 13.7 ಡಿಗ್ರಿಗೆ ಇಳಿದು ಹೃದಯ ಸ್ತಂಭಿಸಿದ್ದ ಮಹಿಳೆಯೊಬ್ಬರು ಬದುಕುಳಿದರು. ಶೀತವು ಮಿದುಳಿನ ಆಮ್ಲಜನಕದ ಅಗತ್ಯವನ್ನು ತಗ್ಗಿಸುತ್ತದೆ. ಆದ್ದರಿಂದ ಶರೀರ ತಣ್ಣಗಿದೆಯೆಂಬ ಕಾರಣದಿಂದಲೇ ಯಾರನ್ನೂ ಮೃತರೆಂದು ಭಾವಿಸತಕ್ಕದ್ದಲ್ಲ. ಕಲಬುರಗಿಯ ಆಸ್ಪತ್ರೆ ತಲುಪುವವರೆಗೂ ಪ್ರಯತ್ನವನ್ನು ಮುಂದುವರಿಸತಕ್ಕದ್ದು.