ಕೂಟಶಾಸನವೂ ಕ್ರಯಪತ್ರವೂ

ಶಾಸನಗಳ ಪಾಠ ಹೇಳುತ್ತಿದ್ದ ದಿನಗಳಲ್ಲಿ ನಾನು ವಿದ್ಯಾರ್ಥಿಗಳಿಗೆ ತಪ್ಪದೆ ವಿವರಿಸುತ್ತಿದ್ದ ಪದವೊಂದು 'ಕೂಟಶಾಸನ'. ಭೂಮಿಯ ಮೇಲೆ ಹಕ್ಕು ಸಾಧಿಸಲು ಹಿಂದಿನ ಅರಸನ ಹೆಸರಿನಲ್ಲಿ ಹುಟ್ಟಿಸಿದ ಸುಳ್ಳು ದಾನಪತ್ರವೇ ಅದು. ಗಂಗರ ಹಲವು ತಾಮ್ರಶಾಸನಗಳನ್ನು ಫ್ಲೀಟರು ಕೂಟವೆಂದರು, ರೈಸರು ಒಪ್ಪಲಿಲ್ಲ. ಲಿಪಿ ಅರಸನ ಕಾಲಕ್ಕೆ ಹೊಂದದಿದ್ದರೆ, ತಿಥಿವಾರಗಳು ತಾಳೆಯಾಗದಿದ್ದರೆ ಸಂಶಯ ಹುಟ್ಟುತ್ತದೆ. ತಾಮ್ರದ ಕಾಲ ಮುಗಿದು ಛಾಪಾಕಾಗದ ಬಂದರೂ ಆ ವಿದ್ಯೆ ಅಳಿದಿಲ್ಲ.

ಮಕ್ಕಳು ದೂರದೇಶ ಸೇರಿ, ವೃದ್ಧರೊಬ್ಬರೇ ಉಳಿದ ಮನೆ. ವರ್ಷಗಟ್ಟಲೆ ಬೀಗ ಹಾಕಿದ ಮನೆ: ವಂಚಕನ ಕಣ್ಣು ಬೀಳುವುದು ಇಂಥವುಗಳ ಮೇಲೆ. ಅವನು ಒಡೆಯನ ವೇಷದಲ್ಲಿ ಉಪನೋಂದಣಾಧಿಕಾರಿಯ ಮುಂದೆ ನಿಲ್ಲುತ್ತಾನೆ, ಇಲ್ಲವೆ ಖೊಟ್ಟಿ ಅಧಿಕಾರಪತ್ರ ಹಿಡಿದು ಬರುತ್ತಾನೆ.

ನೋಂದಣಿಯಾದ ಪತ್ರ ಸುಳ್ಳಾಗುವುದೆಂತು ಎಂದು ಕೇಳುಗರು ಕೇಳಬಹುದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ 100 ರೂಪಾಯಿಗೆ ಕಡಮೆಯಿಲ್ಲದ ಸ್ಥಿರಾಸ್ತಿಯ ಕ್ರಯಕ್ಕೆ ನೋಂದಣಿ ಅವಶ್ಯ. ಆದರೆ ಮಾರುವವನಿಗೆ ನಿಜವಾಗಿ ಹಕ್ಕಿದೆಯೆ ಎಂಬುದನ್ನು ನಿರ್ಣಯಿಸುವುದು ನೋಂದಣಾಧಿಕಾರಿಯ ಕೆಲಸವಲ್ಲ. 2025ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಹೇಳಿತು. ಬಾವಿಯಲ್ಲಿ ಇಲ್ಲದ ನೀರು ಕೊಡಕ್ಕೆ ಬಂದೀತೆ? ಒಡೆತನವಿಲ್ಲದವನಿಂದ ಕೊಂಡವನಿಗೆ ಮೊಹರು ಒಡೆತನ ಕೊಡಲಾರದು. ಖಾತೆಯೂ ಅಷ್ಟೆ, ಅದು ಕಂದಾಯಕ್ಕಾಗಿ ಇಟ್ಟ ದಾಖಲೆ. ಬರಿಯ ಅಧಿಕಾರಪತ್ರದ ಮೂಲಕ ನಡೆಸಿದ ಮಾರಾಟದಿಂದ ಹಕ್ಕು ದಾಟುವುದಿಲ್ಲವೆಂದು ಅದೇ ನ್ಯಾಯಾಲಯ 2011ರಲ್ಲಿ ಸ್ಪಷ್ಟಪಡಿಸಿತು.

ಇದರಲ್ಲಿ ನೋಯುವವರು ಇಬ್ಬರು. ತನ್ನ ಮನೆ ತನ್ನದೆಂದು ಸಾಧಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದ ಒಡೆಯ ಒಬ್ಬ; ಜೀವಮಾನದ ಉಳಿತಾಯವನ್ನು ಸುರಿದು ಬರಿಗೈಯಾದ ಅಮಾಯಕ ಖರೀದಿದಾರ ಇನ್ನೊಬ್ಬ. ಹಣ ಎಣಿಸಿಕೊಂಡವನು ಅಷ್ಟರಲ್ಲಿ ಊರು ಬಿಟ್ಟಿರುತ್ತಾನೆ.

ಹಾಗಾದರೆ ಮಾಡಬೇಕಾದುದೇನು? ಕೊಳ್ಳುವವರು ಮೂಲಪತ್ರದಿಂದ ಮೊದಲುಗೊಂಡು ಒಡೆತನ ಕೈಯಿಂದ ಕೈಗೆ ಬಂದ ಸರಪಳಿಯನ್ನು ಪರೀಕ್ಷಿಸಬೇಕು. ಋಣಭಾರ ಪತ್ರ ತೋರಿಸುವುದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ. ವಾರಸುದಾರಿಕೆಯ ಹಕ್ಕುಗಳು ಅದರಲ್ಲಿ ಕಾಣಲಾರವು. ಆದಕಾರಣ ಮನೆಯಲ್ಲಿ ವಾಸವಿರುವವರನ್ನೂ ನೆರೆಯವರನ್ನೂ ವಿಚಾರಿಸಬೇಕು. ಒಡೆಯರಾದವರು ವರ್ಷಕ್ಕೊಮ್ಮೆ ಋಣಭಾರ ಪತ್ರ ತೆಗೆಸಿ ನೋಡುವುದೊಳ್ಳೆಯದು. ಸುಳ್ಳುಪತ್ರ ಕಂಡುಬಂದರೆ ಸುಮ್ಮನಿರಕೂಡದು. ಪತ್ರದ ರದ್ದತಿಗೆ ದಾವೆ ಹೂಡಲು, ವಿಷಯ ತಿಳಿದಂದಿನಿಂದ 3 ವರ್ಷಗಳ ಕಾಲಮಿತಿಯುಂಟು.

ನಮ್ಮ ಹಿರಿಯರು ದಾನಶಾಸನದಲ್ಲಿ ಭೂಮಿಯ ಎಲ್ಲೆಗಳನ್ನು ಹೇಳಿ, ಸಾಕ್ಷಿಗಳನ್ನು ಹೆಸರಿಸಿ, ಕೊನೆಗೆ ದಾನವನ್ನು ಅಳಿದವರಿಗೆ ಶಾಪ ಬರೆಸುತ್ತಿದ್ದರು. ಕೂಟಶಾಸನ ಕೆತ್ತಿದವನು ಆ ಶಾಪವನ್ನೂ ಅಂಜದೆ ಕೆತ್ತಿದ! ಶಾಪಕ್ಕೆ ಬೆದರದವನು ಮೊಹರಿಗೆ ಬೆದರುವನೆ? ಎಲ್ಲೆಯನ್ನೂ ಸಾಕ್ಷಿಯನ್ನೂ ನಾವೇ ವಿಚಾರಿಸಿ ನೋಡುವುದು ಕ್ಷೇಮ.